ಬೇನೆ ಬಂದಾಗ ನಿಮ್ಮ ಪಕ್ಕದಲ್ಲಿ ಯಾರಿದ್ರು? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ಬಾತಿಕೆರೆ ದಂಡೆ

ಎಲ್ಲರಿಗೂ ನಮಸ್ಕಾರ. ನನಗೀಗ ಎಂಟು ತುಂಬಿ ಒಂಬತ್ತರಲ್ಲಿ ನಡೀತಿದೆ. ಇದು ಎರಡನೇದು. ಗಂಡನ ಮನೆ ದಾವಣಗೆರೆ, ತವರು ಜಗಳೂರು ತಾಲೂಕಿನ ಹಳ್ಳಿ.

ಮೊದಲನೇ ಹೆರಿಗೆ ಆಗಿ ಐದು ವರ್ಷ ಆಯ್ತು. ಎಲ್ಲಿ ಅಂತ ಹೇಳೋದಿಲ್ಲ. ರಾತ್ರಿ ಹನ್ನೊಂದಕ್ಕೆ ಒಳಗೆ ಕರ್ಕೊಂಡ್ರು, ಮಗಳು ಹುಟ್ಟಿದ್ದು ಬೆಳಿಗ್ಗೆ ಆರೂವರೆಗೆ. ಅಷ್ಟು ಹೊತ್ತೂ ನಮ್ಮವ್ವ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ಲು, ಒಳಗೆ ನಾನೊಬ್ಬಳೇ. ಕೈಗೆ ಗ್ಲೂಕೋಸ್ ಹಾಕಿ, ಅಂಗಾತ ಮಲಗಿಸಿ, ಏಳಬೇಡ ಅಂದ್ರು. ಕುಡಿಯೋಕೆ ನೀರು ಕೇಳಿದ್ರೆ ಕೊಡಲಿಲ್ಲ. ತಡೀಲಾರದೆ ಕೂಗಿದ್ದಕ್ಕೆ ಒಬ್ಬರು "ಆವಾಗ ಗೊತ್ತಾಗ್ಲಿಲ್ವಾ, ಈಗ ಯಾಕೆ ಕಿರುಚ್ತೀಯಾ" ಅಂದ್ರು. ಕೊನೆಗೆ ಹೊಟ್ಟೆ ಮೇಲೆ ಮೊಣಕೈ ಊರಿ ಒತ್ತಿದ್ರು. ಕೆಳಗೆ ಹೇಳದೆ ಕೇಳದೆ ಕೊಯ್ದು ಹೊಲಿಗೆ ಹಾಕಿದ್ರು. ಮಗಳು ಚೆನ್ನಾಗಿದ್ದಾಳೆ, ನಾನೂ ಇದ್ದೀನಿ, ಅದಕ್ಕೆ ದೇವರಿಗೆ ಕೈ ಮುಗೀತೀನಿ. ಹೊಲಿಗೆ ಮಾಯ್ತು, ಆ ಮಾತು ಮಾಯಲಿಲ್ಲ.

ನಮ್ಮಜ್ಜಿಯ ಐದೂ ಹೆರಿಗೆ ಒಬ್ಬಳೇ ಸೂಲಗಿತ್ತಿ ಕೈಯಲ್ಲಿ ಆದವು. ಆಕೆ ನೆನಪು ಬಂದ್ರೆ ಅಜ್ಜಿ ಈಗಲೂ "ನನ್ನ ಹಡೆದವ್ವ ಇದ್ದಂಗೆ ಇದ್ಲು" ಅಂತಾಳೆ. ನನಗೂ ಅಂಥ ಒಬ್ಬರು ಬೇಕು ಅನ್ನಿಸ್ತಿದೆ. ಮನೇಲೇ ಹೆರಬೇಕು ಅಂತ ಹಟ ಇಲ್ಲ. ಮುಂಚಿಂದ ನನ್ನ ಬಲ್ಲೋರು, ಬೇನೆ ಹೊತ್ತಲ್ಲಿ ಎದ್ದು ಹೋಗದೇ ಇರೋರು, ನಾನು ನಂಬೋ ಒಂದು ಕೈ. ಈ ಕಡೆ ಹಾಗೆ ಹೆರಿಗೆ ಆದವರು ಇದ್ದೀರಾ? ಎಲ್ಲಿ ವಿಚಾರಿಸಬೇಕು, ಏನು ಕೇಳಬೇಕು, ದಯವಿಟ್ಟು ಹೇಳಿ.

ಮೆಕ್ಕೆಜೋಳ

ತಂಗೀ, ನಾನು ಗಂಡಸು, ಈ ವಿಷಯದಲ್ಲಿ ಬಾಯಿ ಹಾಕಬೇಕೋ ಬೇಡವೋ ಅಂತ ಎರಡು ದಿನ ಸುಮ್ಮನಿದ್ದೆ. ನಮ್ಮಪ್ಪನ ಅವ್ವ ಜಗಳೂರು ಕಡೆ ನಾಲ್ಕೈದು ಹಳ್ಳಿಗೆ ಸೂಲಗಿತ್ತಿ. ನಾನು ಹುಡುಗ ಇದ್ದಾಗ ಸರಹೊತ್ತಿನಲ್ಲಿ ಬಾಗಿಲು ಬಡಿದ್ರೆ ಯಾರು ಅಂತ ಕೇಳೋ ಪದ್ಧತಿನೇ ನಮ್ಮನೇಲಿ ಇರಲಿಲ್ಲ. ಅಜ್ಜಿ ಎದ್ದು, ಸೆರಗು ಸೊಂಟಕ್ಕೆ ಸಿಗಿಸಿ ಹೊರಟೇ ಬಿಡ್ತಿದ್ಲು. ಲಾಟೀನು ಹಿಡಿದು ಮುಂದೆ ನಡೆಯೋದು ನನ್ನ ಕೆಲಸ.

ಆಕೆ ಗಂಟಿನಲ್ಲಿ ಹೆಚ್ಚೇನೂ ಇರ್ತಿರಲಿಲ್ಲ. ಹರಳೆಣ್ಣೆ, ಬಿಳೀ ನೂಲು, ಕಾಗದ ಬಿಚ್ಚದ ಹೊಸ ಬ್ಲೇಡು, ಒಂದು ಸೋಪು. ಸೋಪು, ಬ್ಲೇಡು ಬಂದದ್ದು ಸರ್ಕಾರದೋರು ದಾಯಿ ತರಬೇತಿ ಕೊಟ್ಟ ಮೇಲೆ. ಅದಕ್ಕೆ ಮುಂಚೆ ಕುಡುಗೋಲಲ್ಲೇ ಹೊಕ್ಕಳಬಳ್ಳಿ ಕೊಯ್ತಿದ್ವಿ, ವಾರದೊಳಗೆ ಕೆಲವು ಕೂಸು ಸೆಟೆದುಕೊಂಡು ಹೋಗೋವು, ನಮಗೆ ಯಾಕೆ ಅಂತ ತಿಳೀತಿರಲಿಲ್ಲ ಅಂತ ಅಜ್ಜಿ ಹೇಳಿ ಕಣ್ಣೊರೆಸಿಕೊಳ್ತಿದ್ಲು. ಉಗುರು ಮಾತ್ರ ಸಾಯೋತನಕ ಬೆಳೆಸಲಿಲ್ಲ.

ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲ. ಬೇನೆ ತಿಂದು ಎರಡು ದಿನ ಆಗಿದ್ದ ಹೆಂಗಸು. ಅಜ್ಜಿ ಒಳಗೆ ಹೋದವಳು ಗಳಿಗೆ ಹೊತ್ತಿಗೆಲ್ಲ ಹೊರಗೆ ಬಂದು ಅಂಗಳದಲ್ಲಿ ನಿಂತಿದ್ದ ಗಂಡಸರಿಗೆ ಹೇಳಿದ್ಲು: "ಕೂಸಿನ ಕೈ ಮುಂದ ಬಂದೈತಿ. ಇದು ನನ್ನ ಕೈಯಾಗಿನ ಕೆಲಸ ಅಲ್ಲ. ಗಾಡಿ ಕಟ್ರಿ." ಹಳ್ಳದಾಗೆ ನೀರು ಬಂದೈತಿ, ಬೆಳಕು ಹರೀಲಿ ಅಂದ್ರು ಅವರು. ಅಜ್ಜಿ ಬಿಡಲಿಲ್ಲ. ತಾನೇ ಗಾಡಿ ಹತ್ತಿ, ಆ ಹೆಣ್ಣುಮಗಳ ತಲೆ ತೊಡೆ ಮೇಲೆ ಇಟ್ಟುಕೊಂಡು ಟಾರು ರಸ್ತೆ ತನಕ ಹೋಗಿ, ಅಲ್ಲಿಂದ ಲಾರಿ ಹತ್ತಿಸಿ ದಾವಣಗೆರೆಗೆ ಕರ್ಕೊಂಡು ಹೋದ್ಲು. ಕೂಸು ಉಳೀಲಿಲ್ಲ, ತಾಯಿ ಉಳಿದ್ಲು. ಆ ತಾಯಿ ಆಮೇಲೆ ಎರಡು ಹೆತ್ತಳು. ಎರಡು ಸಲವೂ ದೊಡ್ಡಾಸ್ಪತ್ರೆಗೇ ಹೋದ್ಲು, ಎರಡು ಸಲವೂ ನಮ್ಮಜ್ಜೀನ ಜೊತೆಗೆ ಕರ್ಕೊಂಡೇ ಹೋದ್ಲು.

ಚಳ್ಳಕೆರೆ ಮಗ್ಗುಲಿನ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮಪ್ಪ ಟಿವಿ ಮುಂದೆ ಕೈ ಮುಗಿದು ನಿಂತಿದ್ದರು. 15,000ಕ್ಕೂ ಹೆಚ್ಚು ಹೆರಿಗೆ, ಒಂದು ಪೈಸಾ ಕೇಳದೆ. ಅದೇ ವರ್ಷ ಡಿಸೆಂಬರ್ 25ಕ್ಕೆ ಆ ತಾಯಿ ತೀರಿಕೊಂಡರು. ಅಂಥ ಎಷ್ಟೋ ಜನ ಹೆಸರಿಲ್ಲದೆ ಹೋದರು, ನಮ್ಮಜ್ಜಿ ಥರ.

ಹಿರಿಸೊಸೆ ಹರಿಹರ

ನೋಡಮ್ಮ, ನನಗೆ ಅರವತ್ತು ದಾಟಿದೆ. ನನ್ನ ಎರಡು ಮಕ್ಕಳೂ ಮನೇಲೇ ಹುಟ್ಟಿದ್ದು. ನಡುಮನೆಯ ತೊಲೆಗೆ ಹಗ್ಗ ಕಟ್ಟಿ, ಅದನ್ನ ಹಿಡಿದು ಕುಕ್ಕರುಗಾಲಲ್ಲಿ ಕೂತು ಹೆತ್ತೆ. ಸೂಲಗಿತ್ತಿ ಬೆನ್ನ ಹಿಂದೆ ಕೂತು ತನ್ನ ಮಂಡಿ ನನ್ನ ಸೊಂಟಕ್ಕೆ ಒತ್ತಿ ಹಿಡಿದಿದ್ಲು. ಕೊಯ್ದಿಲ್ಲ, ಹೊಲಿದಿಲ್ಲ. ಈಗಿನ ಹುಡುಗೀರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಯಾರ ಮನೆಗೆ ಹೋದ್ರೂ ಸಿಜೇರಿಯನ್. ನನಗನ್ನಿಸೋದು, ಗಟ್ಟಿ ಸೂಲಗಿತ್ತಿ ಸಿಕ್ಕರೆ ಮನೆಯೇ ಮೇಲು. ಹೆರಿಗೆ ಅಂದ್ರೆ ರೋಗ ಅಲ್ಲ.

ಅಡಿಕೆ ತೋಟ

ದಯವಿಟ್ಟು ಹಾಗನ್ನಬೇಡಿ ಅಮ್ಮ. ನಾನು ಚನ್ನಗಿರಿ ತಾಲೂಕಿನವನು. ನನ್ನ ತಂಗಿ ತೋಟದ ಮನೇಲಿ ಹೆತ್ತಳು. ಬೇನೆ ಜೋರಾಗಿ ಬಂತು, ಗಾಡಿ ತರೋಷ್ಟರಲ್ಲಿ ಕೂಸು ಬಂದೇ ಬಿಡ್ತು. ಚೆನ್ನಾಗಿ ಅತ್ತಿತು. ಎಲ್ಲರೂ ಸಕ್ಕರೆ ಹಂಚೋ ಸಂಭ್ರಮದಲ್ಲಿದ್ವಿ. ಕಸ (ಮಾಸು) ಮಾತ್ರ ಬೀಳಲಿಲ್ಲ. ಅರ್ಧ ತಾಸು ಕಾಯೋಣ, ಬೀಳುತ್ತೆ ಅಂದ್ರು ಹಿರಿಯರು. ಅಷ್ಟರಲ್ಲಿ ಕೆಳಗೆ ಹಾಸಿದ್ದ ಕೌದಿ ತೊಯ್ದು, ಮಣ್ಣಿನ ನೆಲದ ಮೇಲೆ ರಕ್ತ ಹರಿದು ಬಾಗಿಲ ಹತ್ತಿರಕ್ಕೆ ಬಂತು. ತಂಗಿ "ಅಣ್ಣಾ, ಕಣ್ಣು ಕತ್ಲೆ ಆಗ್ತೈತಿ" ಅಂದ್ಲು. ಅವಳ ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

108 ಬಂತು. ತಾಲೂಕು ಆಸ್ಪತ್ರೇಲಿ ಸೂಜಿ ಕೊಟ್ಟು, ಹೊಟ್ಟೆ ಉಜ್ಜಿ, ಗ್ಲೂಕೋಸ್ ಏರಿಸಿ ದಾವಣಗೆರೆಗೆ ಕಳಿಸಿದ್ರು. ನಾಲ್ಕು ಬಾಟಲಿ ರಕ್ತ ಹಾಕಿದ್ರು. ನಾನು, ನಮ್ಮ ಭಾವ, ಊರಿನ ಹುಡುಗರಿಬ್ಬರು ಕೊಟ್ವಿ. ಬದುಕಿದ್ಲು. ಹೆರಿಗೆ ರೋಗ ಅಲ್ಲ, ನಿಜ. ಆದ್ರೆ ಒಳ್ಳೇ ಹೆರಿಗೆ ಕೆಟ್ಟ ಹೆರಿಗೆ ಆಗೋಕೆ ಹತ್ತು ನಿಮಿಷ ಸಾಕು. ಅದನ್ನ ನಾನು ಕಣ್ಣಾರೆ ಕಂಡಿದ್ದೀನಿ.

ರಾತ್ರಿ ಪಾಳಿ

ಬಾತಿಕೆರೆ ಅವರೇ, ನಾನು ಹದಿನಾಲ್ಕು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮೊದಲು ನಿಮಗೆ ಆ ಮಾತು ಅಂದವರ ಪರವಾಗಿ ಕ್ಷಮೆ ಕೇಳ್ತೀನಿ. ರಾತ್ರಿ ಮೂರು ಟೇಬಲ್ಲಿಗೆ ಒಬ್ಬಳೇ ಸಿಸ್ಟರ್ ಇರೋ ದಿನಗಳನ್ನ ನಾನೂ ಕಳೆದಿದ್ದೀನಿ. ಆದ್ರೂ ಅದು ಬೈಯೋಕೆ ಕಾರಣ ಅಲ್ಲ. ಹೊಟ್ಟೆ ಮೇಲೆ ಒತ್ತೋದು ತಪ್ಪು, ಎಲ್ಲರಿಗೂ ಮಾಮೂಲಿಯಾಗಿ ಕೊಯ್ಯೋದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆ ಆರೈಕೆ ಸೂಚನೆಗಳಲ್ಲಿ ಎರಡನ್ನೂ ಬೇಡ ಅಂದಿದೆ. ತೊಡಕಿಲ್ಲದ ಹೆರಿಗೇಲಿ ನೀರು, ಮಜ್ಜಿಗೆ, ಗಂಜಿ ಕುಡೀಬಹುದು, ಓಡಾಡಬಹುದು, ಎಡಮಗ್ಗುಲಿಗೆ ಮಲಗಬಹುದು, ಹಿರಿಸೊಸೆ ಅಮ್ಮ ಹೇಳಿದ ಹಾಗೆ ಕುಕ್ಕರುಗಾಲಲ್ಲೂ ಕೂರಬಹುದು. ನಿಮ್ಮ ಸೂಲಗಿತ್ತಿ ಸೊಂಟಕ್ಕೆ ಮಂಡಿ ಒತ್ತಿದ್ದು ಇದೆಯಲ್ಲ ಅಮ್ಮ, ಅದನ್ನ ನಾವೀಗ ತರಬೇತೀಲಿ ಕಲೀತಿದ್ದೀವಿ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಓದಿನ ಹೆಸರಲ್ಲೇ ಸೂಲಗಿತ್ತಿ ಇದ್ದಾಳೆ. ಜಿಎನ್‌ಎಂ, ಎಎನ್‌ಎಂ ಎರಡರಲ್ಲೂ ಕೊನೆಯ ಅಕ್ಷರ ಎಂ ಅಂದ್ರೆ ಮಿಡ್‌ವೈಫರಿ, ಅದೇ ಸೂಲಗಿತ್ತಿ ಕೆಲಸ. ಸರ್ಕಾರಿ ಆಸ್ಪತ್ರೆಗಳಲ್ಲಿ ತೊಡಕಿಲ್ಲದ ಹೆರಿಗೆ ಮಾಡಿಸೋದು ಬಹುಪಾಲು ಸಿಸ್ಟರ್‌ಗಳೇ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಅಂತ ಪ್ರತ್ಯೇಕ ಮಾರ್ಗಸೂಚಿ ತಂತು. ನರ್ಸಿಂಗ್ ಓದಿದವರಿಗೆ 18 ತಿಂಗಳ ತರಬೇತಿ ಕೊಟ್ಟು, ಸಹಜ ಹೆರಿಗೆಯನ್ನ ಶುರುವಿಂದ ಕೊನೆತನಕ ಅವರೇ ನೋಡಿಕೊಳ್ಳೋ ಹಾಗೆ ಮಾಡೋದು ಅದರ ಉದ್ದೇಶ. ತರಬೇತಿ ಆದವರು ಎಲ್ಲ ಊರಲ್ಲೂ ಸಿಗೋದಿಲ್ಲ. ಹಾಗಂತ ಕೈ ಚೆಲ್ಲಬೇಡಿ.

ನೀವು ಮಾಡಬೇಕಾದ್ದು ಇಷ್ಟು. ಎಲ್ಲಿ ಹೆರಬೇಕು ಅಂತಿದ್ದೀರೋ ಅಲ್ಲಿಗೇ ಈ ವಾರದಿಂದ ತಪಾಸಣೆಗೆ ಹೋಗಿ. ಡಾಕ್ಟರನ್ನ ಕಂಡು ವಾಪಸ್ ಬರಬೇಡಿ, ಹೆರಿಗೆ ವಾರ್ಡಿನ ಸಿಸ್ಟರ್‌ಗಳನ್ನ ಕೇಳಿ ಮಾತಾಡಿಸಿ. ಹೋದ ಸಲ ಹಿಂಗಾಯ್ತು ಅಂತ ಬಾಯಿ ಬಿಟ್ಟು ಹೇಳಿ. ಯಾರು ಕೂತು ಕೇಳ್ತಾರೋ ಅವರೇ ನಿಮ್ಮ ಜನ. ಜೊತೆಗೆ ಒಬ್ಬ ಹೆಂಗಸನ್ನ ಒಳಗೆ ಬಿಡ್ತೀರಾ ಅಂತ ಕೇಳಿ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಸಂಗಾತಿಯನ್ನ ಬಿಡಬೇಕು ಅಂತ 2016ರಲ್ಲೇ ಕೇಂದ್ರ ಹೇಳಿದೆ. ಹೆತ್ತ ಅನುಭವ ಇರೋ ಹೆಂಗಸಾದರೆ ಒಳ್ಳೇದು, ಒಗೆದ ಬಟ್ಟೆ ಹಾಕಿರಬೇಕು, ಅಂಟು ಜಾಡ್ಯ ಇರಬಾರದು, ನಮ್ಮ ಕೆಲಸಕ್ಕೆ ಅಡ್ಡ ಬರಬಾರದು, ಅಷ್ಟೆ.

ಹಿರಿಸೊಸೆ ಅಮ್ಮ, ನಿಮ್ಮ ಹೊಟ್ಟೆ ಉರಿ ನಮಗೂ ಇದೆ. 2019–20ರ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ ನೂರು ಹೆರಿಗೇಲಿ 31 ಸಿಜೇರಿಯನ್. ಅಷ್ಟೂ ಬೇಕಿತ್ತಾ ಅಂದ್ರೆ ನಾನು ಹೌದು ಅನ್ನಲಾರೆ. ಆದ್ರೆ ಇನ್ನೊಂದು ಲೆಕ್ಕವನ್ನೂ ನೋಡಿ. 2001–03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರು ಹೋಗ್ತಿದ್ದರು. 2018–20ಕ್ಕೆ ಅದು 69ಕ್ಕೆ ಇಳೀತು. ತೋಟದ ಮನೆ ಅಣ್ಣನ ತಂಗಿಗೆ ಆದದ್ದೇ ಆಗಿ ಹೋದವರು ಎಷ್ಟು ಜನವೋ. ಕೂಸು ಹುಟ್ಟಿದ ನಿಮಿಷದೊಳಗೆ ತಾಯಿ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಹಾಕ್ತೀವಿ, ಗರ್ಭಕೋಶ ಗಟ್ಟಿಯಾಗಿ ಮುದುಡಿ ರಕ್ತ ನಿಲ್ಲುತ್ತೆ. ಅದೇ ಸೂಜಿಯನ್ನ ಹಳ್ಳಿ ಕಡೆ ಬೇನೆ ಜೋರಾಗಲಿ ಅಂತ ಕೂಸು ಹುಟ್ಟೋಕೆ ಮುಂಚೆ ಹಾಕಿಸ್ತಾರೆ. ಅದರಿಂದ ಗರ್ಭಕೋಶ ಒಡೆದು ಬಂದವರನ್ನ ನೋಡಿದ್ದೀನಿ. ಯಾರು ಹೇಳಿದ್ರೂ ಮನೇಲಿ ಹಾಕಿಸ್ಕೊಬೇಡಿ.

ನಿಮ್ಮ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ? ಬಿಪಿ?

ಬಾತಿಕೆರೆ ದಂಡೆ

ಸಿಸ್ಟರ್, ನಿಮ್ಮ ಕ್ಷಮೆ ಓದಿ ಅಳು ಬಂತು. ಐದು ವರ್ಷದಲ್ಲಿ ಯಾರೂ ಹಾಗಂದಿರಲಿಲ್ಲ. ಹಿಮೋಗ್ಲೋಬಿನ್ 9.8 ಇದೆ, ಬಿಪಿ ಸರಿ ಇದೆ. ಕಬ್ಬಿಣದ ಮಾತ್ರೆ ತಗೊಂಡ್ರೆ ವಾಕರಿಕೆ ಅಂತ ನಡುವೆ ಬಿಟ್ಟಿದ್ದೆ.

ನೀವಂದ ಹಾಗೆ ನಿನ್ನೆ ಹೋಗಿದ್ದೆ. ಮೊದಲು ಸಿಕ್ಕವರು ಟೈಮಿಲ್ಲ ಅಂದ್ರು. ಎರಡನೆಯವರು, ನಮ್ಮ ಚಿಗವ್ವನ ವಯಸ್ಸು ಇರಬಹುದು, ಕುರ್ಚಿ ಎಳೆದು ಕೂರಿಸಿದ್ರು. ನಾನು ಹೇಳೋದೆಲ್ಲ ಕೇಳಿ, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಹೊಟ್ಟೆ ಮೇಲೆ ಎರಡೂ ಅಂಗೈ ಇಟ್ಟು, "ಇಲ್ಲಿ ಕೂಸಿನ ಬೆನ್ನು, ಇದು ತಲೆ, ಮುಟ್ಟಿ ನೋಡ್ರಿ" ಅಂತ ನನ್ನ ಕೈಯನ್ನೇ ಒಯ್ದು ಇಟ್ಟರು. ಸ್ಕ್ಯಾನಿಂಗಿನಲ್ಲಿ ಎಷ್ಟು ಸಲ ನೋಡಿದ್ದೆ, ಕೈಗೆ ಸಿಕ್ಕಿದ್ದು ಇದೇ ಮೊದಲು. ಅವ್ವನನ್ನ ಒಳಗೆ ಬಿಡ್ತೀನಿ ಅಂದಿದ್ದಾರೆ. ಪಾಳಿ ಇಲ್ಲದ ದಿನ ಬೇನೆ ಬಂದ್ರೆ ಅಂದೆ. "ಫೋನ್ ಮಾಡಿಸ್ರಿ, ಮನೆ ಹತ್ರನೇ ಐತಿ" ಅಂದ್ರು.

ರಾತ್ರಿ ಪಾಳಿ

ಒಳ್ಳೇ ಕೈ ಸಿಕ್ಕಿದೆ, ಬಿಡಬೇಡಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಅಂದ್ರೆ ರಕ್ತಹೀನತೆ. ಮಾತ್ರೆಯನ್ನ ರಾತ್ರಿ ಊಟ ಆದ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ, ಚಹಾ ಜೊತೆ ಬೇಡ. ತಲೆ ಸಿಡಿತ, ಕಣ್ಣು ಮಂಜು, ಮುಖ ಊದಿಕೊಳ್ಳೋದು, ರಕ್ತ ಹೋಗೋದು, ಕೂಸಿನ ಮಿಸುಕಾಟ ಕಮ್ಮಿ ಆಗೋದು, ಹೋದ ನೀರು ಹಸಿರಾಗಿರೋದು, ಇವುಗಳಲ್ಲಿ ಯಾವುದಾದ್ರೂ ಕಂಡರೆ ಬೆಳಗಾಗೋದನ್ನ ಕಾಯಬೇಡಿ.

ವೇದಾವತಿ

ನಾನು ಹಿರಿಯೂರು ಕಡೆ ಆಶಾ ಕಾರ್ಯಕರ್ತೆ. ಎಲ್ಲರೂ ಹೆರಿಗೆ ಹೊತ್ತಿನ ಮಾತಾಡ್ತಿದ್ದೀರಿ, ಆಮೇಲಿಂದೂ ನೋಡಬೇಕಲ್ಲ. ನನ್ನ ವ್ಯಾಪ್ತೀಲಿ ಒಂದು ಗೊಲ್ಲರಹಟ್ಟಿ ಐತೆ. ಆಸ್ಪತ್ರೇಲಿ ಚೆಂದಾಗಿ ಹೆರಿಗೆ ಆಗಿ ಬಂದ ಬಾಣಂತಿಯನ್ನ ಸೂತಕ ಅಂತ ಹಟ್ಟಿ ಹೊರಗೆ ಗುಡಿಸಲಲ್ಲಿ ಇಡ್ತಾರೆ. ಈಗ ಕಮ್ಮಿ ಆಗೈತೆ, ಪೂರಾ ನಿಂತಿಲ್ಲ. ಬೈದರೆ ಬಾಗಿಲು ಮುಚ್ಚಿಕೊಳ್ತಾರೆ, ನಾನು ಬೈಯಲ್ಲ. ಆ ಹಟ್ಟೀಲೇ ಮೂರು ಹೆತ್ತ ಹಿರಿ ಹೆಂಗಸೊಬ್ಬರಿದ್ದಾರೆ, ಅವರನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ. ಅವರು ಹೇಳಿದ್ರೆ ಅತ್ತೆಯಂದಿರು ಕೇಳ್ತಾರೆ.

ಆಸ್ಪತ್ರೆ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನ ನಾವು ಮನೆಗೆ ಬರಲೇಬೇಕು. ಹೋದ ವರ್ಷ ಏಳನೇ ದಿನ ಹೋದಾಗ ಕೂಸನ್ನ ಜೋಲಿ ಬಟ್ಟೇಲಿ ಹಾಕಿ ತಕ್ಕಡಿಗೆ ನೇತು ಹಾಕಿದೆ. ಹುಟ್ಟಿದಾಗಿಂದ ಕಾಲು ಕೇಜಿಗೂ ಹೆಚ್ಚು ಇಳಿದಿತ್ತು, ಅಂಗಾಲು ತಣ್ಣಗೆ. ಗುಡಿಸಲಿಗೆ ಮೂರು ಕಡೆ ಗೋಡೆ, ನಾಕನೇ ಕಡೆ ಸೀರೆ ಕಟ್ಟಿದ್ರು. ಕುಪ್ಪಸ ಬಿಚ್ಚಿಸಿ ಕೂಸನ್ನ ಅವರವ್ವನ ಎದೆಗೆ ಅಂಟಿಸಿ ಮೇಲೆ ಕಂಬಳಿ ಸುತ್ತಿದೆ. ಆ ಹಿರಿಯಮ್ಮ ಅದನ್ನ ನೋಡಿ ನಿಂತಿದ್ದರು. ಸಾಯಂಕಾಲದೊಳಗೆ ತಾವೇ ಮಾತಾಡಿ ತಾಯಿ ಮಗು ಇಬ್ಬರನ್ನೂ ಒಳಗೆ ಮಾಡಿಸಿದ್ರು. ನಾನೊಬ್ಬಳೇ ಹೋಗಿದ್ರೆ ಆಗ್ತಿರಲಿಲ್ಲ.

ಬಾತಿಕೆರೆ ಅಕ್ಕ, ಹೊಕ್ಕಳಿಗೆ ಏನೂ ಹಚ್ಚಬೇಡಿ. ಬೂದಿ ಬೇಡ, ಎಣ್ಣೆ ಬೇಡ, ಅರಿಶಿನ ಬೇಡ. ಒಣಗಿ ತಾನೇ ಬೀಳುತ್ತೆ. ಮೆಕ್ಕೆಜೋಳ ಅಣ್ಣ, ನಿಮ್ಮಜ್ಜಿ ಹೇಳ್ತಿದ್ದ ಸೆಟೆಯೋ ರೋಗ ಧನುರ್ವಾಯು. ತಾಯಂದಿರಿಗೆ ಸೂಜಿ ಹಾಕಿ ಹಾಕಿ 2015ರಲ್ಲಿ ನಮ್ಮ ದೇಶದಲ್ಲಿ ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆ ಆಯ್ತು ಅಂತ ಘೋಷಿಸಿದ್ರು. ಅಜ್ಜಿಗೆ ಅದು ತಿಳಿದಿದ್ದರೆ ಎಷ್ಟು ಸಮಾಧಾನ ಆಗ್ತಿತ್ತೋ.

ಹಿರಿಸೊಸೆ ಹರಿಹರ

ಎರಡು ಮಕ್ಕಳು ಅಂದೆ. ನಡುವೆ ಇನ್ನೊಂದು ಇತ್ತು. ಹುಟ್ಟಿದ ಎಂಟನೇ ದಿನ ಹಾಲು ಕುಡಿಯೋದು ಬಿಟ್ಟು, ಬಾಯಿ ಕಚ್ಚಿಕೊಂಡು ಹೋಯ್ತು. ದೃಷ್ಟಿ ಅಂದ್ರು, ಗಾಳಿ ಅಂದ್ರು. ಇಲ್ಲಿ ಓದಿದ ಮೇಲೆ ನಿನ್ನೆಯಿಂದ ಅದೇ ತಲೇಲಿ ಕೂತಿದೆ. ಮಗಳೇ, ಆಸ್ಪತ್ರೆಗೇ ಹೋಗು. ನಿನ್ನವ್ವನ್ನ ಒಳಗೆ ಬಿಡದಿದ್ರೆ ನನಗೆ ಫೋನ್ ಮಾಡು, ನಾನು ಬಂದು ಕೇಳ್ತೀನಿ.

ಬಾತಿಕೆರೆ ದಂಡೆ (ಐದು ವಾರದ ಮೇಲೆ)

ಎಲ್ಲರಿಗೂ ತಿಳಿಸಬೇಕಿತ್ತು, ತಡವಾಯ್ತು. ಗಂಡುಮಗು, ಎರಡು ಕೇಜಿ ಒಂಬೈನೂರು ಗ್ರಾಂ. ಇಬ್ಬರೂ ಚೆನ್ನಾಗಿದ್ದೀವಿ. ತವರಲ್ಲಿದ್ದೀನಿ.

ನಾನು ಅಂದುಕೊಂಡ ಹಾಗೆ ಆಗಲಿಲ್ಲ. ಬೆಳಗಿನ ಜಾವ ಬೇನೆ ಶುರು ಆಯ್ತು. ಕುರ್ಚಿ ಎಳೆದು ಕೂರಿಸಿದ್ದ ಆ ಸಿಸ್ಟರ್‌ಗೆ ಅವತ್ತು ರಜೆ. ಫೋನ್ ಮಾಡಿದ್ವಿ, ನಾವು ಹೋಗೋಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು. ಮಧ್ಯಾಹ್ನದ ತನಕ ಎಷ್ಟು ಚೆನ್ನಾಗಿತ್ತು ಅಂದ್ರೆ ಹೇಳಲಾರೆ. ವರಾಂಡದಲ್ಲಿ ಅವ್ವನ ಹೆಗಲು ಹಿಡಿದು ನಡೆದೆ, ಮಜ್ಜಿಗೆ ಕುಡಿದೆ. ಬೇನೆ ಬಂದಾಗ ಗೋಡೆಗೆ ಕೈ ಕೊಟ್ಟು ಬಾಗಿ ನಿಲ್ತಿದ್ದೆ, ಅವರು ಕೊಬ್ಬರಿ ಎಣ್ಣೆ ಸವರಿ ಅಂಗೈಯ ಬುಡದಿಂದ ಸೊಂಟ ಒತ್ತಿ ಹಿಡೀತಿದ್ರು. ಬೇನೆ ಇಳಿಯೋ ತನಕ ಕೈ ತೆಗೀತಿರಲಿಲ್ಲ. ಅರ್ಧ ತಾಸಿಗೊಮ್ಮೆ ಕೂಸಿನ ಎದೆ ಬಡಿತ ಕೇಳಿಸಿ "ನೋಡ್ರಿ, ಕುದುರೆ ಓಡಿದಂಗೆ ಐತಿ" ಅನ್ನೋರು. 140 ಆಸುಪಾಸು ಇತ್ತು.

ಎರಡು ಗಂಟೆ ಹೊತ್ತಿಗೆ ನೀರು ಹೋಯ್ತು. ಹಸಿರು. ಅವರು ಬೇನೆ ಬರ್ತಾ ಬರ್ತಾನೇ ಬಡಿತ ಕೇಳಿದ್ರು, ಬೇನೆ ಇಳಿದ ಮೇಲೂ ಕೇಳಿದ್ರು. ನನ್ನನ್ನ ಎಡಮಗ್ಗುಲಿಗೆ ತಿರುಗಿಸಿ ಇನ್ನೊಂದು ಸಲ ಕೇಳಿದ್ರು. ಕುದುರೆ ಓಟ ಇರಲಿಲ್ಲ, ನನಗೇ ಗೊತ್ತಾಯ್ತು. 90ಕ್ಕೆ ಇಳಿದಿದ್ದು ಮೇಲೆ ಏಳ್ತಿರಲಿಲ್ಲ. ಡಾಕ್ಟರನ್ನ ಕೂಗಿ ಕರೆದು, ನನ್ನ ಮುಖದ ಹತ್ರ ಬಗ್ಗಿ ಹೇಳಿದ್ರು: "ಕೂಸು ದಣದೈತಿ. ಇನ್ನ ಕಾಯೋದು ಬ್ಯಾಡ. ಆಪರೇಷನ್ ಮಾಡಿಸೋಣ, ನಾನು ಜೊತೆಗೆ ಬರ್ತೀನಿ."

ಹೋದ ಸಲದವರು ಇದೇ ಮಾತು ಹೇಳಿದ್ದರೆ ದುಡ್ಡಿಗೆ, ಇಲ್ಲಾ ಅವಸರಕ್ಕೆ ಅಂತ ಅನುಮಾನ ಪಡ್ತಿದ್ದೆ. ಈ ಸಲ ಒಂದು ಪ್ರಶ್ನೆಯನ್ನೂ ಕೇಳದೆ ಹೂಂ ಅಂದೆ. ಬೆಳಿಗ್ಗೆಯಿಂದ ಆ ಕೈ ನನ್ನ ಸೊಂಟದ ಮೇಲಿತ್ತು. ಮೆಕ್ಕೆಜೋಳ ಅಣ್ಣ, ಆ ಗಳಿಗೇಲಿ ನನಗೆ ನೆನಪಾದದ್ದು ನಿಮ್ಮಜ್ಜಿ ಗಾಡಿ ಕಟ್ರಿ ಅಂದದ್ದು.

ಥಿಯೇಟರಿನಲ್ಲಿ ಬೆನ್ನಿಗೆ ಸೂಜಿ ಹಾಕುವಾಗ ಗುಬ್ಬಚ್ಚಿ ಹಾಗೆ ಮುದುಡಿ ಕೂರಬೇಕು, ಅಲುಗಬಾರದು. ಅವರು ಎದುರಿಗೆ ನಿಂತು ನನ್ನ ಹಣೆಯನ್ನ ತಮ್ಮ ಎದೆಗೆ ಒತ್ತಿಕೊಂಡು ಎರಡೂ ಭುಜ ಹಿಡಿದಿದ್ದರು. ಅದೇ ಹೊತ್ತಿಗೆ ಒಂದು ಬೇನೆ ಬಂತು. ಅವರ ಮುಂಗೈ ಗಟ್ಟಿ ಹಿಡಿದೆ. ಮಾರನೇ ದಿನ ನೋಡಿದ್ರೆ ನನ್ನ ಉಗುರಿನ ಗುರುತು ನಾಲ್ಕು ಅಲ್ಲೇ ಇದ್ದವು. ಮಗು ಹೊರಗೆ ಬಂದ ತಕ್ಷಣ ಅಳಲಿಲ್ಲ. ಒರೆಸಿ, ಬೆನ್ನು ತಿಕ್ಕಿದ ಮೇಲೆ ಅತ್ತಿತು. ಅದನ್ನ ನನ್ನ ಕೆನ್ನೆಗೆ ತಾಗಿಸಿದವರೂ ಅವರೇ.

ಹಿರಿಸೊಸೆ ಅಮ್ಮ, ಅವ್ವನ್ನ ಒಳಗೆ ಬಿಟ್ಟಿದ್ದರು. ಥಿಯೇಟರಿಗೆ ಮಾತ್ರ ಬಿಡಲಿಲ್ಲ.

ಸಿಸ್ಟರ್, ಒಂದು ಕೇಳಬೇಕಿತ್ತು. ಇಲ್ಲಿ ಅಜ್ಜಿ ದಿನಾ ಬಿಸಿನೀರು ಎರೆದು ಹೊಟ್ಟೆಗೆ ಸೀರೆ ಬಿಗಿದು ಕಟ್ಟಬೇಕು ಅಂತಾಳೆ. ಹೊಲಿಗೆ ಇನ್ನೂ ಚುಳ್ ಅನ್ನುತ್ತೆ. ಕಟ್ಟಿಸ್ಕೊಬಹುದಾ?

ರಾತ್ರಿ ಪಾಳಿ

ಮಗೂಗೆ ಅತ್ತೆಯ ಮುತ್ತು. ಸ್ನಾನ ಮಾಡಿ, ಗಾಯದ ಮೇಲೆ ಕೊಡಪಾನದಿಂದ ಸುರಿಸೋದು ಬೇಡ, ಮೆತ್ತಗೆ ಒರೆಸಿ ಒಣಗಿಸಿ. ಬಿಗಿಯಾಗಿ ಕಟ್ಟಿಸ್ಕೊಬೇಡಿ. ಕೆಮ್ಮುವಾಗ, ಏಳುವಾಗ ಗಾಯಕ್ಕೆ ಒಂದು ದಿಂಬು ಒತ್ತಿ ಹಿಡ್ಕೊಳ್ಳಿ. ಹಾಲು ಕುಡಿಸುವಾಗ ಕೂಸನ್ನ ಹೊಟ್ಟೆ ಮೇಲೆ ಮಲಗಿಸೋ ಬದಲು ಕಂಕುಳ ಕೆಳಗೆ ಪಕ್ಕಕ್ಕೆ ಹಿಡಿದು ಕುಡಿಸಿ. ಗಾಯ ಕೆಂಪಾದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ ಅವತ್ತೇ ಬನ್ನಿ. ಅಜ್ಜಿಗೆ ಬೇಜಾರಾಗೋದು ಬೇಡ, ಕಾಲು ಸೊಂಟಕ್ಕೆ ಎಣ್ಣೆ ತಿಕ್ಕೋ ಕೆಲಸ ಪೂರಾ ಅವರಿಗೇ ಬಿಟ್ಟುಬಿಡಿ.